ಮೀನು ಹಿಡಿದದ್ದು ಯಾರು?

ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ, ಸ್ಟ್ಯಾಂಡಪ್ ಮೀಟಿಂಗಿಗೆ ಐದು ನಿಮಿಷ ಇರುವಾಗ ಒಂದು ಮೇಲ್ ಬಂತು. ನಾನು ಆಡುವ ಆನ್‌ಲೈನ್ ಗೇಮಿನ ಕಂಪನಿಯದ್ದು. ನಿಮ್ಮ ಅಕೌಂಟಿನಲ್ಲಿ ಅನುಮತಿಯಿಲ್ಲದ ಸಾಫ್ಟ್‌ವೇರ್ ಬಳಸಿರುವುದು ಕಂಡುಬಂದಿದೆ, ಹಾಗಾಗಿ ಶಾಶ್ವತವಾಗಿ ಮುಚ್ಚಿದ್ದೇವೆ, ಅಂತ. ನಾಲ್ಕು ವರ್ಷದ ಅಕೌಂಟು. ಅದೇ ಮೀಟಿಂಗಲ್ಲಿ ಮ್ಯಾನೇಜರು ನನ್ನನ್ನ ಹೊಗಳಿದರು. ವಾರಕ್ಕೆ ಆರು ಗಂಟೆ ತಿನ್ನುತ್ತಿದ್ದ ರಿಪೋರ್ಟ್ ಕೆಲಸಕ್ಕೆ ನಾನು ಸ್ಕ್ರಿಪ್ಟ್ ಬರೆದಿದ್ದೆ. ಅದೇ ಕೈ, ಅದೇ ಪೈಥಾನ್. ಒಂದು ಕಡೆ ಚಪ್ಪಾಳೆ, ಇನ್ನೊಂದು ಕಡೆ ಮನೆಗೆ ಹೋಗು ಅನ್ನೋ ಮಾತು.

ಗೇಮು ಯಾವುದು ಅಂತ ಹೇಳಲ್ಲ. ಅದರೊಳಗೆ ಕೋಟೆ, ಕಾಡು, ಕೆರೆ ಎಲ್ಲ ಇದೆ. ಮೀನು ಹಿಡಿದಷ್ಟೂ ಲೆವೆಲ್ ಏರುತ್ತೆ. ಇದಕ್ಕೆ ಗ್ರೈಂಡಿಂಗ್ ಅಂತಾರೆ. ಹಿಟ್ಟಿನ ಗಿರಣಿ ನೆನಪಿಸೋ ಹೆಸರು, ಕೆಲಸವೂ ಹಾಗೇ. ಅಮ್ಮ ಒಮ್ಮೆ ಹಿಂದೆ ನಿಂತು ನೋಡಿ, "ಇದಕ್ಕೂ ಸಂಬಳ ಕೊಡ್ತಾರೇನೋ?" ಅಂದಿದ್ದಳು.

ಆ ಕೆರೆ ದಡದಲ್ಲಿ ದಿನಾ ರಾತ್ರಿ ಒಂಬತ್ತೂವರೆಗೆ ನನ್ನ ಪಕ್ಕ ಬಂದು ನಿಲ್ಲುತ್ತಿದ್ದವನು ನನ್ನ ಚಿಕ್ಕಪ್ಪನ ಮಗ. ತಿಪಟೂರು ಕಡೆ ನಮ್ಮೂರು. ಆರು ವರ್ಷದ ಹಿಂದೆ ತೋಟ ಭಾಗ ಆದಾಗ, ಬೋರ್‌ವೆಲ್ ಇರೋ ಪಾಲು ಯಾರಿಗೆ ಅನ್ನೋದರಲ್ಲಿ ಅಪ್ಪ ಚಿಕ್ಕಪ್ಪ ಮಾತು ಬಿಟ್ಟರು. ಹಬ್ಬಕ್ಕೆ ಊರಿಗೆ ಹೋದರೂ ನಾನು ಆ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ. ಫೋನ್ ಮಾಡಿದರೆ ಯಾರ ಜೊತೆ ಮಾತು ಅಂತ ಎರಡೂ ಮನೇಲಿ ಕೇಳ್ತಾರೆ. ಗೇಮ್ ಆಡಿದರೆ ಯಾರೂ ಕೇಳಲ್ಲ. ಅವನು ಮೊಬೈಲಲ್ಲಿ, ನಾನು ಲ್ಯಾಪ್‌ಟಾಪಲ್ಲಿ. ಗಾಳ ಹಾಕಿ ನಿಂತುಕೊಂಡು ಚಾಟ್‌ನಲ್ಲಿ ಕೊಬ್ಬರಿ ರೇಟು, ಸುಟ್ಟುಹೋದ ಮೋಟರು, ಅವನಿಗೆ ನೋಡ್ತಿರೋ ಹುಡುಗಿ ಎಲ್ಲದರ ಮಾತೂ ಆಗ್ತಿತ್ತು. ಚಿಕ್ಕವರಿದ್ದಾಗ ಊರ ಕೆರೆ ಏರಿ ಮೇಲೂ ಹೀಗೇ ಎರೆಹುಳ ಸಿಗಿಸಿಕೊಂಡು ಕೂರ್ತಿದ್ವಿ.

ಆಮೇಲೆ ನನಗೆ ಹೊಸ ಪ್ರಾಜೆಕ್ಟ್ ಬಂತು. ಸರಿಯಾಗಿ ಒಂಬತ್ತೂವರೆಗೆ ಅಮೆರಿಕದವರ ಕಾಲ್. ಅವನು ಲೆವೆಲ್ಲಲ್ಲಿ ಮುಂದೆ ಹೋಗಿಬಿಟ್ಟರೆ ಒಟ್ಟಿಗೆ ಆಡೋದಕ್ಕೇ ಆಗಲ್ಲ ಅಂತ 40 ಸಾಲಿನ ಸ್ಕ್ರಿಪ್ಟ್ ಬರೆದೆ. ಪರದೆ ಮೇಲೆ ಬಣ್ಣ ನೋಡಿ ಕ್ಲಿಕ್ ಮಾಡುತ್ತೆ, ಮಧ್ಯೆ ಮನುಷ್ಯರ ಹಾಗೆ ಎರಡೋ ನಾಲ್ಕೋ ಸೆಕೆಂಡ್ ಸುಮ್ಮನಿರುತ್ತೆ. ನಾನು ಕಾಲ್‌ನಲ್ಲಿ, ನನ್ನ ಗೊಂಬೆ ಕೆರೆ ದಡದಲ್ಲಿ.

ಬ್ಯಾನ್ ಆದ ಮೇಲೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳಲ್ಲ. ಅಪೀಲ್ ಹಾಕೋಣ ಅಂತ ವಾದ ಹುಡುಕೋಕೆ ಕೂತೆ. ನನಗಿಂತ ದೊಡ್ಡ ಅಣ್ಣಂದಿರು ಸಿಕ್ಕಿದರು. ಅಮೆರಿಕದ ಮೈಕೆಲ್ ಡೊನೆಲಿ ಅನ್ನೋ ಪ್ರೋಗ್ರಾಮರ್ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡೋಕೆ ಗ್ಲೈಡರ್ ಅನ್ನೋ ಬಾಟ್ ಬರೆದಿದ್ದ. ಮೊದಲು ತನಗೋಸ್ಕರ ಮಾತ್ರ. ಆಮೇಲೆ 15ರಿಂದ 25 ಡಾಲರ್‌ಗೆ ಮಾರೋಕೆ ಶುರು ಮಾಡಿದ. 2008ರ ಹೊತ್ತಿಗೆ 1,20,000 ಪ್ರತಿ ಮಾರಾಟ, 35 ಲಕ್ಷ ಡಾಲರ್ ವಹಿವಾಟು. ಬ್ಲಿಜರ್ಡ್ ಕಂಪನಿ ಜೊತೆ ಕೇಸು ನಡೆದು, 2010ರ ಡಿಸೆಂಬರಲ್ಲಿ ಅಲ್ಲಿನ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಬಾಟ್ ಬಳಸಬಾರದು ಅನ್ನೋ ಷರತ್ತು ಮುರಿದರೆ ಅದು ಒಪ್ಪಂದದ ಉಲ್ಲಂಘನೆ, ಕಾಪಿರೈಟ್ ಕಳ್ಳತನ ಅಲ್ಲ. ಆದರೆ ಬಾಟ್ ಹಿಡಿಯೋಕೆ ಇಟ್ಟಿದ್ದ ವಾರ್ಡನ್ ಅನ್ನೋ ಕಾವಲುಗಾರನ ಕಣ್ಣು ತಪ್ಪಿಸೋ ಸಾಧನ ಮಾರಿದ್ದು ಡಿಜಿಟಲ್ ಕಾಪಿರೈಟ್ ಕಾನೂನಿನ ಪ್ರಕಾರ ತಪ್ಪು. ನನ್ನ ಎರಡು-ನಾಲ್ಕು ಸೆಕೆಂಡಿನ ನಾಟಕ ನೆನಪಾಗಿ ಗಂಟಲು ಒಣಗಿತು.

ಹಾಗಂತ ಹೊರಗಿನವರು ಬರೆದ ಸಾಫ್ಟ್‌ವೇರೆಲ್ಲ ಕಳ್ಳಮಾಲು ಅಲ್ಲ. ಬಿಇ ಹಾಸ್ಟೆಲಲ್ಲಿ ರಾತ್ರಿಯೆಲ್ಲ ಆಡ್ತಿದ್ದ ಕೌಂಟರ್ ಸ್ಟ್ರೈಕ್ ಹುಟ್ಟಿದ್ದೇ ಹಾಫ್ ಲೈಫ್ ಅಭಿಮಾನಿಗಳು ಮಾಡಿದ ಮಾಡ್ ಆಗಿ. ಡೋಟಾ ಬಂದದ್ದು ವಾರ್‌ಕ್ರಾಫ್ಟ್ 3ರ ಹೊಟ್ಟೆಯಿಂದ. ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ಇಂಗ್ಲೆಂಡಿನ ಜಾಗೆಕ್ಸ್ ಕಥೆ. ಅವರ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡೋಕೆ ಬೇರೆಯವರು ಬರೆದ ರೂನ್‌ಲೈಟ್ ಅನ್ನೋ ಓಪನ್ ಸೋರ್ಸ್ ಕ್ಲೈಂಟ್ ಇದೆ. 2018ರಲ್ಲಿ ಕಂಪನಿ ಕಾನೂನಿನ ಬೆದರಿಕೆ ಹಾಕಿ, ಆಮೇಲೆ ಮಾತಾಡಿ ಬಿಟ್ಟುಕೊಟ್ಟಿತು. 2021ರ ಸೆಪ್ಟೆಂಬರಲ್ಲಿ ಒಬ್ಬ ಅಭಿಮಾನಿ ಸುಮಾರು ಎರಡು ವರ್ಷ ಕೂತು ಆಟಕ್ಕೆ ಚೆಂದದ ಗ್ರಾಫಿಕ್ಸ್ ಕೊಡೋ 117ಎಚ್‌ಡಿ ಸಿದ್ಧ ಮಾಡಿದ. ಬಿಡುಗಡೆ ಹೊಸ್ತಿಲಲ್ಲಿ ಕಂಪನಿ ನಿಲ್ಲಿಸು ಅಂದಿತು, ನಾವೇ ಅಂಥದ್ದು ಮಾಡ್ತಿದೀವಿ ಅಂತ. ಜನ ಆಟದೊಳಗೇ ಗುಂಪು ಸೇರಿ ಪ್ರತಿಭಟಿಸಿದರು. ಕೆಲವೇ ದಿನಕ್ಕೆ ಕಂಪನಿ ಮಾತು ವಾಪಸ್ ತಗೊಂಡಿತು.

ಅವರ ನಿಯಮಗಳನ್ನೂ ಓದಿದೆ (ನಾವು ಒಪ್ಪಿದೆ ಅಂತ ಒತ್ತೋರು, ಓದೋರಲ್ಲ, ಬ್ಯಾನ್ ಆದಮೇಲೆ ಓದಿದೆ). ಚೆಂದದ ನೆರಳು, ಬೆಳಕು, ಲೆಕ್ಕದ ಪಟ್ಟಿ ಎಲ್ಲ ಸರಿ. ಎದುರಿನ ರಾಕ್ಷಸ ಮುಂದೆ ಯಾವ ಪೆಟ್ಟು ಹಾಕ್ತಾನೆ ಅಂತ ಮೊದಲೇ ಹೇಳೋದು ತಪ್ಪು. ಒಂದು ಸಲ ಕೀ ಒತ್ತಿದರೆ ಒಂದೇ ಕೆಲಸ ಆಗಬೇಕು. ಕಣ್ಣಿಗೆ ನೆರವಾದರೆ ಸರಿ, ಕೈಗೆ ಬದಲಾದರೆ ತಪ್ಪು ಅಂತ ನಾನು ಮೊದಲು ಅಂದುಕೊಂಡಿದ್ದೆ. ಅಷ್ಟು ಸಲೀಸಿಲ್ಲ, ಪೆಟ್ಟು ತೋರಿಸೋದೂ ಕಣ್ಣಿಗೇ ತಾನೇ? ಬುಗುರಿ ಆಟದಲ್ಲೂ ಹೀಗೇ ಇತ್ತು. ಬಣ್ಣ ಬಳಿದರೆ ಯಾರೂ ಕೇಳ್ತಿರಲಿಲ್ಲ. ಗುನ್ನ ಹೊಡೆದಾಗ ಎದುರಿನವನ ಬುಗುರಿ ಸೀಳಲಿ ಅಂತ ಮೊಳೆ ಮಸೆದು ತಂದವನನ್ನ ಮಾತ್ರ ಆಟಕ್ಕೇ ಸೇರಿಸ್ತಿರಲಿಲ್ಲ.

ಅಪೀಲ್ ಅರ್ಧ ಬರೆದಿದ್ದೆ. ನನ್ನದು ಮಾರಾಟಕ್ಕಲ್ಲ, ಯಾರಿಗೂ ನಷ್ಟ ಆಗಿಲ್ಲ, ಅಂತೆಲ್ಲ. ಅಷ್ಟರಲ್ಲಿ ತಮ್ಮನ ಫೋನ್ ಬಂತು. ಎರಡು ದಿನದಿಂದ ಕಾಣ್ತಿಲ್ಲವಲ್ಲ ಅಂತ. ನಡೆದದ್ದು ಹೇಳಿದೆ, ನಗ್ತಾನೇ ಹೇಳಿದೆ. ಅವನು ನಗಲಿಲ್ಲ.

"ಹಂಗಾರೆ ಒಂದು ತಿಂಗಳಿಂದ ನನ್ ಪಕ್ಕ ಮೀನು ಹಿಡೀತಿದ್ದಿದ್ದು ನೀನಲ್ವಾಣ್ಣ?"

ಒಂದು ವಿಷಯ ಇಲ್ಲಿವರೆಗೆ ಹೇಳಿಲ್ಲ. ಗೊಂಬೆ ಸುಮ್ಮನೆ ನಿಂತಿದ್ದರೆ ಅನುಮಾನ ಬರುತ್ತೆ ಅಂತ, ಚಾಟ್ ಪೆಟ್ಟಿಗೆಯಲ್ಲಿ ಹೊಸ ಸಾಲು ಕಂಡರೆ "ಹ್ಞೂಂ ಕಣೋ" ಅಂತ ಟೈಪ್ ಮಾಡೋ ಹಾಗೆ ಇನ್ನೂ ಮೂರು ಸಾಲು ಸೇರಿಸಿದ್ದೆ.

"ಅಪ್ಪಂಗೆ ಎದೆನೋವು, ತುಮಕೂರಿಗೆ ಕರ್ಕಂಡು ಹೋಗ್ತಿದೀವಿ ಅಂದಾಗ್ಲೂ ಅದೇ ಹ್ಞೂಂ ಅಂದಿದ್ದಾ?"

ಚಿಕ್ಕಪ್ಪ ಆಗಲೇ ಮನೆಗೆ ಬಂದು ಹತ್ತು ದಿನವಾಗಿತ್ತಂತೆ. ನನಗೆ ಗೊತ್ತಿದ್ದೂ ಬರಲಿಲ್ಲ ಅಂತ ಅವನು ಅಂದುಕೊಂಡಿದ್ದ. ಭಾಗದ ಸಿಟ್ಟು ನನ್ನ ತನಕ ಬಂತು ಅಂತ.

ಅಪೀಲ್ ಕಳಿಸಲಿಲ್ಲ. ಆ ಶನಿವಾರ ಮೊದಲ ಬಸ್ಸಿಗೆ ಊರಿಗೆ ಹೋದೆ. ಅಪ್ಪನಿಗೆ ಹೇಳಿಯೇ ಹೋದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಚಿಕ್ಕಪ್ಪ ಜಗುಲಿ ಮೇಲೆ ಕೂತಿದ್ದರು, ಇಳಿದುಹೋಗಿದ್ದರು. "ಯಾವ ಬಸ್ಸಿಗೆ ಬಂದ್ಯಪ್ಪ?" ಅಂದರು. ತಮ್ಮ ಎಳನೀರು ಕೆತ್ತಿ ಕೊಟ್ಟ, ಬಹಳ ಹೊತ್ತು ಮಾತಾಡಲಿಲ್ಲ.

ಈಗ ಹೊಸ ಅಕೌಂಟು. ನಾನು ಬರಿಗೈಲಿ ಸಿಗಡಿ ಹಿಡಿಯೋ ಲೆವೆಲ್, ಅವನು ದೊಡ್ಡ ದೊಡ್ಡ ಮೀನಿನವನು, ಆದರೂ ನಮ್ಮ ಕೊಳಕ್ಕೇ ಬಂದು ನಿಲ್ತಾನೆ. ಕಾಲ್ ಇದ್ದ ದಿನ ಬರಲ್ಲ ಅಂತ ಮೊದಲೇ ಹೇಳ್ತೀನಿ. ಬಂದ ದಿನ ಹತ್ತು ನಿಮಿಷಕ್ಕೊಂದು ಸಲ ಏನಾದರೂ ಕೇಳಿ ಪರೀಕ್ಷೆ ಮಾಡ್ತಾನೆ.

"ಅಣ್ಣ, ಸ್ಕೂಲ್ ಹಿಂದಿನ ಹುಣಸೆ ಮರದಿಂದ ಬಿದ್ದು ಕೈ ಮುರ್ಕಂಡಿದ್ದು ಯಾರು?"

"ನೀನೇ ಕಣೋ."

"ಯಾವ ಕೈ?"