ಮರದ ತುಂಡುಗಳ ಗೋಪುರ

ಲೆಸ್ಲಿ ಸ್ಕಾಟ್ ಎಂಬ ಮಹಿಳೆಯು 1983ರಲ್ಲಿ ಲಂಡನ್ನಿನಲ್ಲಿ ಬೆಳಕಿಗೆ ತಂದ ‘ಜೆಂಗಾ’ ಆಟವನ್ನು ವಾಚಕರಲ್ಲಿ ಹಲವರು ಬಲ್ಲರು. ಮೂರು ಮೂರರಂತೆ 18 ಅಂತಸ್ತು, ಒಟ್ಟು 54 ತುಂಡುಗಳು. ಕೆಳಗಿನದನ್ನು ಎಳೆದು ಮೇಲಿಡುವಾಗ ಯಾರ ಕೈಯಲ್ಲಿ ಗೋಪುರವು ಕುಸಿಯುವುದೋ ಅವರಿಗೆ ಸೋಲು. ಯಾದವಗಿರಿಯ ನಮ್ಮ ಮನೆಯಂಗಳದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದೆವು. ಎರಡೂವರೆ ಅಂಗುಲ ಅಗಲದ ರೀಪನ್ನು ಏಳೂವರೆ ಅಂಗುಲಕ್ಕೆ ಕೊಯ್ಯಿಸಿದೆವು. ಉದ್ದವು ಅಗಲದ ಮೂರರಷ್ಟಿಲ್ಲದಿದ್ದರೆ ಅಂತಸ್ತು ಚೌಕವಾಗದು.

ತುಂಡುಗಳ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡು ಬಡಗಿಯು ನೊಂದು, ಮತ್ತೆ ಹತ್ತರಿ ಹಿಡಿಯುವೆನೆಂದನು. ಬೇಡವೆಂದೆನು. ಎಲ್ಲವೂ ಒಂದೇ ಸಮನಾದರೆ ಭಾರವು ಎಲ್ಲದರ ಮೇಲೂ ಕುಳಿತು ಯಾವುದೂ ಸುಲಭವಾಗಿ ಕದಲದು. ಕೊಂಚ ತೆಳ್ಳಗಿನದು ಸಡಿಲವಾಗಿದ್ದರೇ ಆಟವು ನಡೆಯುವುದು. ಅವನಿಗೆ ಈ ಮಾತು ರುಚಿಸಲಿಲ್ಲ.

ಬಣ್ಣದ ವಿಚಾರದಲ್ಲಂತೂ ಮನೆಯಲ್ಲಿ ವಾದವೇ ನಡೆಯಿತು. ಮಗಳಿಗೆ ಚನ್ನಪಟ್ಟಣದ ಬೊಂಬೆಗಳ ಹೊಳಪು ಬೇಕು. ಆ ಅರಗಿನ ಬಣ್ಣವಾದರೋ ಲೇತಿನಲ್ಲಿ ತಿರುಗುವ ಮರಕ್ಕೆ ಒತ್ತಿ, ಉಜ್ಜುವ ಬಿಸಿಗೆ ಕರಗಿಸಿ ಹಿಡಿಸತಕ್ಕದ್ದು. ಚೌಕದ ತುಂಡಿಗೆ ಒಗ್ಗದು. ಮೈಯೆಲ್ಲ ಕುಂಚದಿಂದ ಬಳಿದರೆ ಬಣ್ಣಕ್ಕೆ ಬಣ್ಣ ಅಂಟುವ ಭಯ. ಕಡೆಗೆ ಹೊರಗೆ ಕಾಣುವ ತುದಿಗಳಿಗೆ ಮಾತ್ರ ಕೆಂಪು, ಹಳದಿ, ಹಸುರು ಬಳಿದು, ಮಿಕ್ಕುದನ್ನು ಉಪ್ಪುಕಾಗದದಿಂದ ತಿಕ್ಕಿ ಬರಿದೇ ಬಿಟ್ಟೆವು.

ಎಂಬತ್ತು ದಾಟಿದ ನಮ್ಮ ತಾಯಿಯವರಿಗೆ ಕೈನಡುಕವುಂಟು. ಆದರೂ ಒಂದೊಂದನ್ನೂ ಬೆರಳಿನಿಂದ ಮೆಲ್ಲನೆ ತಟ್ಟಿ, ಸಡಿಲವಾದುದನ್ನೇ ಆರಿಸಿ ಎಳೆಯುವರು. ಅವರೆದುರು ಆಡಲು ಮಕ್ಕಳು ಅಂಜುವರು.