ಬ್ಯಾಗು ತುಂಬಿಸಲು ಉಪ್ಪ ಕಲಿಸಿದ್ದು

ಈ ಸಲ ಕುಮಾರ ಪರ್ವತಕ್ಕೆ ಹೋದ ನಮ್ಮ ಕಾಲೇಜಿನ 18 ಮಂದಿ ಹುಡುಗಿಯರಲ್ಲಿ ನಾನೂ ಒಬ್ಬಳು. ಬೆಟ್ಟ ಎಷ್ಟು ಚಂದ ಎಂದು ಬೇರೆ ಯಾರಾದರೂ ಬರೆದೇ ಬರೆಯುತ್ತಾರೆ. ನಾನು ಬ್ಯಾಗಿನ ಬಗ್ಗೆ ಬರೆಯುತ್ತೇನೆ. ಹೊರಡುವ ಮೊದಲು ನಾಲ್ಕು ದಿನ ನಮ್ಮ ಮನೆಯಲ್ಲಿ ಮಾತೆಲ್ಲ ಅದರದ್ದೇ ಆಗಿತ್ತು. ಮುಂದಿನ ವರ್ಷ ಹೋಗುವ ಜೂನಿಯರ್‌ಗಳಿಗೂ ಅದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ಬೆಟ್ಟದ ಲೆಕ್ಕ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಬ್ಯಾಗಿನ ಲೆಕ್ಕ ಅರ್ಥವಾಗುವುದಿಲ್ಲ. ಕುಮಾರ ಪರ್ವತದ ಎತ್ತರ 1,712 ಮೀಟರ್. ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ ಇದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಒಂದು ದಿಕ್ಕಿಗೆ ಸುಮಾರು 13 ಕಿ.ಮೀ. ನಡಿಗೆ, 1,500 ಮೀಟರಿಗಿಂತ ಹೆಚ್ಚು ಏರು. ಮೊದಲ ಆರೇಳು ಕಿ.ಮೀ. ದಟ್ಟ ಕಾಡು. ಆಮೇಲೆ ಗಿರಿಗದ್ದೆ, ಭಟ್ಟರ ಮನೆ, ಅರಣ್ಯ ಇಲಾಖೆಯ ಠಾಣೆ. ಅಲ್ಲಿಂದ ಮೇಲೆ ಬರೀ ಹುಲ್ಲುಗಾವಲು, ನೆರಳೇ ಇಲ್ಲ. ಕಲ್ಲುಮಂಟಪ ದಾಟಿ, ಶೇಷ ಪರ್ವತ ಹತ್ತಿ ಇಳಿದು, ಒಂದು ಶೋಲಾ ಕಾಡು ನುಗ್ಗಿ, ಬಂಡೆ ಏರಿದರೆ ತುದಿ. ಶಿಖರದಲ್ಲಿ ರಾತ್ರಿ ಉಳಿಯುವಂತಿಲ್ಲ. ಆದ್ದರಿಂದ ಮೊದಲ ದಿನ ಗಿರಿಗದ್ದೆಯವರೆಗೆ, ಎರಡನೇ ದಿನ ಮೇಲೆ ಹೋಗಿ ಬಂದು ಪೂರ್ತಿ ಕೆಳಗೆ ಇಳಿಯುವುದು ಎಂದು ನಮ್ಮ ಕಾರ್ಯಕ್ರಮ.

ಮನೆಯಲ್ಲಿ ಉಮ್ಮ ಬೇಡ ಎನ್ನಬಹುದು ಎಂದು ನಾನು ಸಿದ್ಧಳಾಗಿದ್ದೆ. ಮೂವರು ಮೇಡಂ ಜೊತೆಗೆ ಬರುತ್ತಾರೆ ಎಂದು ಗೊತ್ತಾದ ಮೇಲೆ ಉಮ್ಮ ಒಪ್ಪಿದರು. ಬೇಡ ಎಂದದ್ದು ಉಪ್ಪ.

ಉಪ್ಪ 22 ವರ್ಷ ಮಂಗಳೂರಿನ ಬಂದರಿನಲ್ಲಿ ಮೂಟೆ ಹೊತ್ತವರು. ಅಕ್ಕಿ, ಮೆಣಸು, ಸಕ್ಕರೆ, ಒಣಮೀನು. ಮೂರು ವರ್ಷದ ಹಿಂದೆ ಬೆನ್ನಿನ ಡಿಸ್ಕ್ ಜಾರಿತು. ಈಗ ಅದೇ ಬಂದರಿನ ಒಂದು ಗೋದಾಮಿನಲ್ಲಿ ಬರುವ ಹೋಗುವ ಮೂಟೆಗಳ ಲೆಕ್ಕ ಬರೆಯುತ್ತಾರೆ. ಒಂದು ಕೊಡ ನೀರು ಎತ್ತುವಂತಿಲ್ಲ. ನಾನು ಚಾರಣದ ಅನುಮತಿ ಪತ್ರ ಮುಂದೆ ಇಟ್ಟಾಗ ಅವರು ಅದನ್ನು ಓದಿ, ಪೆನ್ನು ತೆಗೆಯದೆ ಕೇಳಿದರು:

"ಹೊರುವ ಕೆಲಸ ನನ್ನಲ್ಲಿಗೆ ಮುಗಿಯಲಿ ಅಂತ ನಿನ್ನನ್ನು ಓದಿಸುವುದು. ನೀನು ದುಡ್ಡು ಕೊಟ್ಟು ಹೊರಲಿಕ್ಕೆ ಹೋಗುವುದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಮಾಷೆಗೆ ಕೇಳಿದ್ದಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎರಡು ದಿನ ಪತ್ರ ಫ್ರಿಜ್ಜಿನ ಮೇಲೆಯೇ ಬಿದ್ದಿತ್ತು. ಮೂರನೇ ದಿನ ನಾನು ಸೀನಿಯರ್ ಒಬ್ಬರಿಂದ ಕೇಳಿ ತಂದ 45 ಲೀಟರಿನ ಬ್ಯಾಗಿಗೆ ಸಾಮಾನು ತುಂಬಿಸಿ ನೋಡುತ್ತಿದ್ದೆ. ಉಪ್ಪ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು, "ಎಷ್ಟು ತೂಗುತ್ತದೆ?" ಎಂದರು. ನನಗೆ ಗೊತ್ತಿರಲಿಲ್ಲ. ಹತ್ತಿರದ ಗುಜರಿ ಅಂಗಡಿಯ ಕೊಕ್ಕೆಯ ತಕ್ಕಡಿಗೆ ಬ್ಯಾಗನ್ನು ತೂಗುಹಾಕಿದಾಗ 11 ಕಿಲೋ 400 ಗ್ರಾಂ ಬಂತು. ನನ್ನ ತೂಕ 46 ಕಿಲೋ. ಚಾರಣದವರು ಸಾಮಾನ್ಯವಾಗಿ ಹೇಳುವ ಲೆಕ್ಕ, ಹೊರುವವರ ತೂಕದ ಐದನೇ ಒಂದು ಪಾಲಿಗಿಂತ ಬ್ಯಾಗು ಹೆಚ್ಚಾಗಬಾರದು ಎಂದು. ನನಗೆ ಅದು 9 ಕಿಲೋ 200 ಗ್ರಾಂ. ಉಪ್ಪ ಅಷ್ಟಕ್ಕೂ ಒಪ್ಪಲಿಲ್ಲ. "ಏಳು. ಏಳಕ್ಕೆ ಇಳಿದರೆ ಸಹಿ ಹಾಕುತ್ತೇನೆ" ಎಂದರು.

ಅಂದು ರಾತ್ರಿ ಚಾಪೆ ಹಾಸಿ ಎಲ್ಲವನ್ನೂ ಹೊರಗೆ ಸುರಿದೆವು. ಒಂದೊಂದನ್ನೂ ಕೈಯಲ್ಲಿ ಎತ್ತಿ ಉಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಇದು ಇಲ್ಲದಿದ್ದರೆ ಏನಾಗುತ್ತದೆ?" ಸ್ಟೀಲಿನ ಟಿಫಿನ್ ಡಬ್ಬ ಹೋಯಿತು, ಬದಲಿಗೆ ಹಗುರವಾದ ಡಬ್ಬ ಬಂತು. ಮೂರು ಜೊತೆ ಬಟ್ಟೆಯಲ್ಲಿ ಒಂದು ಹೋಯಿತು. ದಪ್ಪ ಟವೆಲ್ ಹೋಗಿ ತೆಳು ಬೈರಾಸು ಬಂತು. ಶಾಂಪೂ, ಪೌಡರ್, ಕನ್ನಡಿ, ಒಂದು ಕಾದಂಬರಿ ಹೋದವು. ಉಮ್ಮ ಸದ್ದಿಲ್ಲದೆ ತುರುಕಿದ್ದ ಒಂದು ಕಿಲೋ ಖರ್ಜೂರದಲ್ಲಿ ಕಾಲು ಕಿಲೋ ಉಳಿಯಿತು. ಉಮ್ಮನ ನೋವಿನ ಮುಲಾಮು ಮಾತ್ರ ಅಲುಗಲಿಲ್ಲ, ಅದರ ಬಗ್ಗೆ ಚರ್ಚೆಗೆ ಅವಕಾಶವೇ ಇರಲಿಲ್ಲ. ಟಾರ್ಚು, ವಿಶಲ್, ಮಳೆಕೋಟು, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ ಇವನ್ನು ಉಪ್ಪ ಮುಟ್ಟಲಿಲ್ಲ. ಬಳಸದೆ ವಾಪಸ್ ಬಂದರೂ ಒಯ್ಯಬೇಕಾದ ಸಾಮಾನು ಇವು ಎಂದು ಬೇರೆಯೇ ಇಟ್ಟರು.

ಸ್ಯಾನಿಟರಿ ಪ್ಯಾಡ್ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ದಿನ ದೂರವಿದ್ದರೂ ಒಯ್ಯಿರಿ. ಬಳಸಿದ್ದನ್ನು ಕಾಡಿನಲ್ಲಿ ಹೂಳಬಾರದು, ಪ್ರಾಣಿಗಳು ಅಗೆದು ತೆಗೆಯುತ್ತವೆ. ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಒಂದು ಸಣ್ಣ ಡಬ್ಬದಲ್ಲಿ ಹಾಕಿ ಕೆಳಗೆ ತರಬೇಕು.

ಬಟ್ಟೆಯ ವಿಷಯದಲ್ಲಿ ನಾವು ಗೆಳತಿಯರೆಲ್ಲ ಸೇರಿ ತುಂಬಾ ತಲೆ ಕೆಡಿಸಿಕೊಂಡೆವು. ಹತ್ತಿ ಬಟ್ಟೆ ಒಳ್ಳೆಯದು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ, ನಮ್ಮ ಕರಾವಳಿಯ ಸೆಕೆಗೆ ಅದು ನಿಜವೂ ಹೌದು. ಬೆಟ್ಟದಲ್ಲಿ ಹಾಗಲ್ಲ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಸಂಜೆ ಗಾಳಿ ಬೀಸಿದಾಗ ಮೈ ನಡುಗುತ್ತದೆ. ಬೇಗ ಒಣಗುವ ಪಾಲಿಯೆಸ್ಟರಿನ ಉದ್ದ ತೋಳಿನ ಟಾಪು, ಅದೇ ಜಾತಿಯ ಟ್ರ್ಯಾಕ್ ಪ್ಯಾಂಟು ಸಾಕು. ಟಾಪು ಮೊಣಕಾಲಿನವರೆಗೆ ಇದ್ದರೆ ಚಿಂತೆಯಿಲ್ಲ, ಅದಕ್ಕಿಂತ ಉದ್ದವಾದರೆ ಬಂಡೆ ಹತ್ತುವಾಗ ಕಾಲಿಗೆ ಸಿಕ್ಕುತ್ತದೆ. ಸ್ಕಾರ್ಫಿಗೆ ಪಿನ್ ಚುಚ್ಚುವವರು ಹೆಗಲ ಬಳಿ ಚುಚ್ಚಬೇಡಿ. ಬ್ಯಾಗಿನ ಪಟ್ಟಿ ಸರಿಯಾಗಿ ಅಲ್ಲೇ ಕೂರುತ್ತದೆ. ತಲೆಯಿಂದ ಇಳಿಸಿ ಹಾಕುವ, ಪಿನ್ ಬೇಡದ ಸ್ಕಾರ್ಫು ಎಲ್ಲಕ್ಕಿಂತ ಒಳ್ಳೆಯದು.

ಶೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸದನ್ನು ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ, ಎರಡು ವಾರ ಕಾಲೇಜಿಗೆ ಹಾಕಿಕೊಂಡು ಬನ್ನಿ. ಅರ್ಧ ಸೈಜು ದೊಡ್ಡದಿರಲಿ. ಇಳಿಯುವಾಗ ಬೆರಳುಗಳು ಮುಂದಕ್ಕೆ ಒತ್ತುತ್ತವೆ, ಕಾಲಿನ ಉಗುರು ಕತ್ತರಿಸಿಕೊಂಡೇ ಹೊರಡಿ.

ಆರಿಸಿದ್ದಾಯಿತು, ತುಂಬಿಸುವುದು ಬಾಕಿ. ಇದು ಉಪ್ಪನ ವಿದ್ಯೆ. ನಾನು ನೀರಿನ ಬಾಟಲಿ, ಊಟದ ಡಬ್ಬ ಎಲ್ಲ ಅಡಿಯಲ್ಲಿಟ್ಟು ಸ್ಲೀಪಿಂಗ್ ಬ್ಯಾಗನ್ನು ಮೇಲೆ ಕಟ್ಟಿದ್ದೆ. ಅವರು ತಿರುಗಿಸಿದರು. ಸ್ಲೀಪಿಂಗ್ ಬ್ಯಾಗು ಎಲ್ಲಕ್ಕಿಂತ ಕೆಳಗೆ. ನೀರು, ಊಟದಂಥ ಭಾರದ ಸಾಮಾನು ನಡುವಿನಲ್ಲಿ, ಬೆನ್ನಿಗೆ ತಾಗಿಕೊಂಡು. ಅದರ ಹೊರಗಿನ ಸುತ್ತಿಗೆ ಬಟ್ಟೆ. ಮೇಲೆ ಜಾಕೆಟ್, ಮಳೆಕೋಟು, ಟಾರ್ಚು. "ಭಾರ ಬೆನ್ನಿನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುತ್ತದೆ. ನೀನು ಮುಂದೆ ಬಾಗುತ್ತೀ. ಇಡೀ ದಿನ ಬಾಗಿದರೆ ಬೆನ್ನು ಕೇಳುವುದಿಲ್ಲ" ಎಂದರು. ಫಿಸಿಕ್ಸ್ ತರಗತಿಯಲ್ಲಿ ಟಾರ್ಕ್ ಎಂದು ನಾವು ಬೋರ್ಡಿನಿಂದ ಬರೆದುಕೊಂಡದ್ದನ್ನು ಏಳನೇ ತರಗತಿಗೆ ಶಾಲೆ ಬಿಟ್ಟವರು ಬ್ಯಾಗಿನಲ್ಲಿ ತೋರಿಸಿದರು. ಸಂದುಗಳಲ್ಲಿ ಕಾಲುಚೀಲ ತುರುಕಿ, ಬ್ಯಾಗನ್ನು ಹಿಡಿದು ಅಲ್ಲಾಡಿಸಿ, ಒಳಗೆ ಏನೂ ಕದಲದಿದ್ದಾಗಲೇ ಅವರಿಗೆ ಸಮಾಧಾನ. ಆಡುವ ಮೂಟೆ ದುಪ್ಪಟ್ಟು ತೂಗುತ್ತದೆ ಎಂಬುದು ಅವರ ಮಾತು.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಬ್ಯಾಗಿನಲ್ಲಿತ್ತು, ಸೊಂಟದ ಪಟ್ಟಿ. ಹೆಗಲ ಪಟ್ಟಿಗಿಂತ ಮೊದಲು ಇದನ್ನು ಸೊಂಟದ ಮೂಳೆಯ ಮೇಲೆ ಬಿಗಿಯಬೇಕು. ಆಗ ಹೆಚ್ಚಿನ ಭಾರ ನೇರ ಕಾಲಿಗೆ ಹೋಗುತ್ತದೆ, ಹೆಗಲಿನ ಪಟ್ಟಿ ಬ್ಯಾಗು ಹಿಂದೆ ಬೀಳದಂತೆ ಹಿಡಿಯುತ್ತದೆ ಅಷ್ಟೇ. ನಾನು ತೋರಿಸಿದೆ. ಉಪ್ಪ ಖಾಲಿ ಬ್ಯಾಗು ಕೊಡು ಎಂದು ಕೇಳಿ, ತಾವೇ ಹಾಕಿಕೊಂಡು ಪಟ್ಟಿ ಬಿಗಿದು ಹಾಲ್‌ನಲ್ಲಿ ಎರಡು ಸುತ್ತು ನಡೆದರು. ಉಮ್ಮ ಅಡುಗೆಕೋಣೆಯಿಂದ ನೋಡುತ್ತಾ ನಿಂತಿದ್ದರು. "ತಲೆಗೆ ಸಿಂಬೆ ಇಟ್ಟು ಹೊತ್ತೆವು. ಇದು ಯಾರಿಗೂ ಹೊಳೆಯಲಿಲ್ಲವಲ್ಲ" ಎಂದು ಹೇಳಿ ಬಿಚ್ಚಿ ಕೊಟ್ಟರು. ಮರುದಿನ ತೂಗಿದಾಗ ನೀರು ಸೇರಿ 7 ಕಿಲೋ 100 ಗ್ರಾಂ. ನೂರು ಗ್ರಾಂ ಮಾಫಿ ಮಾಡಿ ಸಹಿ ಹಾಕಿದರು.

ನೀರಿನ ಲೆಕ್ಕವನ್ನು ಬೇರೆಯೇ ಹೇಳಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋ, ಇದರಲ್ಲಿ ಚೌಕಾಸಿ ಇಲ್ಲ. ಗಿರಿಗದ್ದೆಯವರೆಗೆ ಎರಡು ಲೀಟರ್ ಸಾಕಾಯಿತು. ಮೇಲಿನ ದಾರಿಯಲ್ಲಿ ಕಲ್ಲುಮಂಟಪದ ಹತ್ತಿರ ನೀರು ಸಿಗುತ್ತದೆ, ಆದರೆ ಬೇಸಿಗೆ ಹತ್ತಿರ ಬಂದ ಹಾಗೆ ಅದನ್ನೇ ನಂಬಿ ಹೊರಡುವಂತಿಲ್ಲ. ನಮ್ಮಲ್ಲಿ ಕೆಲವರಿಗೆ ನಮಾಝಿನ ಚಿಂತೆ ಇತ್ತು. ವುಝೂಗೆ ಬೇರೆ ನೀರು ಹೊರಬೇಕಾ? ಹೊರಡುವ ಮೊದಲು ಉಸ್ತಾದರನ್ನು ಕೇಳಿದೆವು. ಕುಡಿಯಲು ಬೇಕಾದ ನೀರಿಗೇ ಮೊದಲ ಸ್ಥಾನ, ಅದನ್ನು ಬಿಟ್ಟು ನೀರಿಲ್ಲದಿದ್ದರೆ ತಯಮ್ಮುಮ್ ಸಾಕು ಎಂದರು. ಕುಕ್ಕೆ ನಮ್ಮಿಂದ ನೂರು ಕಿ.ಮೀ. ದಾಟುವುದರಿಂದ ಪ್ರಯಾಣಿಕರ ರಿಯಾಯಿತಿಯೂ ಉಂಟು, ಝುಹ್ರ್ ಮತ್ತು ಅಸ್ರ್ ಎರಡೆರಡು ರಕಅತ್ ಮಾಡಿ ಸೇರಿಸಿ ನಿರ್ವಹಿಸಬಹುದು. ಪ್ರವಾದಿಯವರು (ಸ) ಒಂದು ಮುದ್ದ್, ಅಂದರೆ ಎರಡೂ ಕೈಗಳ ಬೊಗಸೆಯಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದೂ ನೆನಪಿಸಿದರು. ಹಾಸ್ಟೆಲಿನ ನಲ್ಲಿಯ ಕೆಳಗೆ ನಿಲ್ಲುವ ನಮ್ಮನ್ನು ಉದ್ದೇಶಿಸಿಯೇ ಹೇಳಿದ್ದು ಅದು. ಖಿಬ್ಲಾಕ್ಕೆ ಮೊಬೈಲನ್ನು ನೆಚ್ಚಿಕೊಳ್ಳಬೇಡಿ, ಬ್ಯಾಟರಿ ಮುಗಿಯುತ್ತದೆ. ಸಣ್ಣ ಕಂಪಾಸು ಇದ್ದರೆ ಸಾಕು. ನಮ್ಮ ಭಾಗದಿಂದ ಸುಮಾರು 289 ಡಿಗ್ರಿ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಸ್ವಲ್ಪ ಬಲಕ್ಕೆ ತಿರುಗಬೇಕು. ಮುಸಲ್ಲಾ ಒಯ್ಯಲಿಲ್ಲ. ಮಳೆಕೋಟನ್ನೇ ಹಾಸಿಕೊಂಡೆವು.

ಮೊದಲ ದಿನ ಕಾಡಿನ ದಾರಿಯಲ್ಲಿ ಬ್ಯಾಗು ಇದೆ ಎಂದೇ ಒಂದು ಗಂಟೆ ನನಗೆ ಮರೆತುಹೋಗಿತ್ತು. ಎಲ್ಲರಿಗೂ ಹಾಗಿರಲಿಲ್ಲ. ಪಟ್ಟಿಗಳು ಹೆಗಲಿಗೆ ಕತ್ತರಿಸಿದಂತೆ ಆಗಿ ಇಬ್ಬರು ಪ್ರತಿ ನೂರು ಹೆಜ್ಜೆಗೆ ಕೂರುತ್ತಿದ್ದರು. ಅವರ ಬ್ಯಾಗು ಬಿಚ್ಚಿ, ಉಪ್ಪ ಹೇಳಿದ ಹಾಗೆ ಮತ್ತೆ ತುಂಬಿಸಿದೆವು. ದಾರಿಯ ಮಧ್ಯೆ ಸಾಮಾನು ಹರಡಿಕೊಂಡು ಕೂತ ನಮ್ಮನ್ನು ನೋಡಿ ಮೇಲಿನಿಂದ ಇಳಿಯುತ್ತಿದ್ದವರು ಸಂತೆಯಾ ಎಂದು ಕೇಳಿದರು. ಠಾಣೆಯಲ್ಲಿ ಚೀಲಗಳನ್ನು ತೆರೆದು ನೋಡಿದರು. ಬಿಸಾಡುವ ಪ್ಲಾಸ್ಟಿಕ್ ನಮ್ಮ ಹತ್ತಿರ ಇರಲಿಲ್ಲ. ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಹಸಿದು ಬಂದ ಹದಿನೆಂಟು ಜನಕ್ಕೆ ಬಡಿಸಿಯೇ ಬಡಿಸಿದರು. ಅಲ್ಲಿ ಊಟ ಸಿಗುತ್ತದೆ ಎಂದು ಮೊದಲೇ ಹೇಳಿ ವ್ಯವಸ್ಥೆ ಮಾಡಿಕೊಂಡರೆ ಅಕ್ಕಿ, ಪಾತ್ರೆ, ಒಲೆ ಹೊರುವ ಪ್ರಶ್ನೆಯೇ ಇಲ್ಲ. ನಮ್ಮ ಏಳು ಕಿಲೋಗೆ ಅರ್ಧ ಕಾರಣ ಆ ಮನೆ.

ಎರಡನೇ ದಿನ ಫಜ್ರ್ ಆದ ಕೂಡಲೇ ಹೊರಟೆವು. ದೊಡ್ಡ ಬ್ಯಾಗುಗಳನ್ನು ಕೆಳಗೇ ಬಿಟ್ಟು, ಮಡಚಿ ಒಯ್ದಿದ್ದ ಬಟ್ಟೆಯ ಸಣ್ಣ ಚೀಲದಲ್ಲಿ ನೀರು, ಖರ್ಜೂರ, ಚಪಾತಿ, ಮಳೆಕೋಟು, ವಿಶಲ್, ಔಷಧಿ ಮಾತ್ರ. ಮೂರು ಲೀಟರ್ ನೀರಿನೊಂದಿಗೆ ಶುರುವಾದ ಚೀಲ ಏರುತ್ತಾ ಏರುತ್ತಾ ಹಗುರವಾಗುತ್ತದೆ. ಹೊತ್ತ ಸಾಮಾನಿನಲ್ಲಿ ನೀರೊಂದೇ ಹಾಗೆ ಸಹಾಯ ಮಾಡುವುದು.

ಶೇಷ ಪರ್ವತದಿಂದ ಇಳಿಯುವಾಗ ಒಬ್ಬ ಗೆಳತಿಯ ಶೂವಿನ ಅಡಿ ಬಾಯಿ ತೆರೆಯಿತು. ನೋಡಲು ಗಟ್ಟಿಯಾಗಿಯೇ ಇತ್ತು, ಆದರೆ ಎರಡು ವರ್ಷ ಡಬ್ಬದಲ್ಲೇ ಕೂತು ಅಂಟು ಒಣಗಿತ್ತು. ಇನ್ನೂ ಹತ್ತು ಕಿ.ಮೀ.ಗಿಂತ ಹೆಚ್ಚು ಇಳಿಯಬೇಕು. ಮೇಡಂ ಸ್ಕಾರ್ಫ್ ಹರಿದು ಕಟ್ಟೋಣ ಎನ್ನುತ್ತಿದ್ದರು. ನನಗೆ ಔಷಧಿಯ ಪೊಟ್ಟಣದೊಳಗೆ ಉಪ್ಪ ಇಟ್ಟ ಒಂದು ವಸ್ತು ನೆನಪಾಯಿತು. ಹಳೆಯ ಚಪ್ಪಲಿಯ ರಬ್ಬರ್ ತುಂಡಿಗೆ ಚುಚ್ಚಿದ ದಬ್ಬಣ, ಅದರ ಸುತ್ತ ಸುತ್ತಿದ ಗೋಣಿ ಹೊಲಿಯುವ ಹುರಿ. ಹರಿದ ಮೂಟೆಗಳನ್ನು ಹೊಲಿಯಲು ಬಂದರಿನಲ್ಲಿ ಎಲ್ಲರ ಹತ್ತಿರವೂ ಇರುತ್ತದಂತೆ. ಅದು ಏಳು ಕಿಲೋದ ಲೆಕ್ಕದಲ್ಲಿ ಬಂದೇ ಇರಲಿಲ್ಲ, ತೂಗಿದ ಮೇಲೆ ಸೇರಿಸಿದ್ದರು. ಬಂಡೆಯ ಮೇಲೆ ಕೂತು ಅಡಿಯನ್ನೂ ಮೇಲಿನ ಬಟ್ಟೆಯನ್ನೂ ಸೇರಿಸಿ ಮುಂದುಗಡೆ ಒಂಬತ್ತು ಹೊಲಿಗೆ ಹಾಕಿದೆ. ದಬ್ಬಣ ದೂಡಲು ಕಲ್ಲು ಬೇಕಾಯಿತು. ಚಂದ ಕಾಣಲಿಲ್ಲ, ಆದರೆ ಕುಕ್ಕೆಯ ಬಸ್ ನಿಲ್ದಾಣದವರೆಗೂ ಬಿಚ್ಚಲಿಲ್ಲ.

ಕಲ್ಲುಮಂಟಪದ ಬಳಿ ನೀರಿತ್ತು. ವುಝೂ ಮಾಡಿ ಝುಹ್ರ್, ಅಸ್ರ್ ಅಲ್ಲೇ ಮುಗಿಸಿದೆವು. ಒಂದು ಬೊಗಸೆಯಲ್ಲಿ ಮುಗಿಸಲು ಪ್ರಯತ್ನಿಸಿದವರೂ ಇದ್ದರು.

ರಾತ್ರಿ ಹತ್ತೂವರೆಗೆ ಮನೆ ತಲುಪಿದೆ. ಉಪ್ಪ ಬೆಟ್ಟ ಹೇಗಿತ್ತು ಎಂದು ಕೇಳಲಿಲ್ಲ. "ಹೆಗಲಲ್ಲಿ ಗುರುತು ಉಂಟಾ ನೋಡು" ಎಂದು ಉಮ್ಮನಿಗೆ ಹೇಳಿದರು. ಉಮ್ಮ ಒಳಗೆ ಕರೆದು ನೋಡಿ, "ಇಲ್ಲ, ಸೊಂಟದಲ್ಲಿ ಸ್ವಲ್ಪ ಕೆಂಪಾಗಿದೆ" ಎಂದು ಕೂಗಿ ಹೇಳಿದರು. ಹೊರಗಿನಿಂದ "ಹಾಂ, ಅಲ್ಲೇ ಆಗಬೇಕು" ಎಂದು ಕೇಳಿಸಿತು. ಅವರು ಮೊದಲ ದಿನ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ, ಅವರು ಮತ್ತೆ ಕೇಳಿಲ್ಲ. ಶೂ ಹೊಲಿದದ್ದನ್ನು ಮಾತ್ರ ಎರಡು ಸಲ ಹೇಳಿಸಿದರು. ಎಷ್ಟು ಹೊಲಿಗೆ, ಗಂಟು ಯಾವ ಕಡೆಗೆ ಹಾಕಿದೆ ಎಂದೆಲ್ಲ.

ಬ್ಯಾಗನ್ನು ಒಗೆದು ಒಣಗಿಸಿ ಸೀನಿಯರ್‌ಗೆ ಹಿಂದಿರುಗಿಸಿದ್ದೇನೆ. ಉಮ್ಮನ ಮುಲಾಮು ಹದಿನೆಂಟು ಜನರ ಮೊಣಕಾಲಿಗೆ ಖರ್ಚಾಗಿ ಹೋಯಿತು. ದಬ್ಬಣ ನನ್ನ ಹತ್ತಿರ ಇದೆ, ಮುಂದಿನ ತಂಡದವರು ಹೊರಡುವ ಮೊದಲು ಬಂದು ಕೇಳಿದರೆ ಕೊಡುತ್ತೇನೆ. ವಾಪಸ್ ತರಬೇಕು.