ಕೊಬ್ಬು, ಪೊರೆ ಮತ್ತು ಉಸಿರು

ಕನ್ನಡದಲ್ಲಿ ‘ಕೊಬ್ಬು’ ಎಂಬುದು ಅಷ್ಟೊಂದು ಗೌರವದ ಶಬ್ದವಲ್ಲ. ಒಬ್ಬನಿಗೆ ಕೊಬ್ಬು ಬಂದಿದೆ ಎಂದರೆ ಅದು ಮೈಯ ಮಾತಲ್ಲ, ಸೊಕ್ಕಿನ ಮಾತು. ವೈದ್ಯರೂ ಅದನ್ನು ದೂರುತ್ತಲೇ ಇರುತ್ತಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ, ಈ ಶಬ್ದಕ್ಕೆ ನಾವು ಅನ್ಯಾಯ ಮಾಡಿದ್ದೇವೆಂದು ಬಹುಕಾಲದಿಂದ ಅನ್ನಿಸುತ್ತ ಬಂದಿದೆ. ಸ್ಮರಣ ಸಂಚಿಕೆಗೆ ಶಾಲೆಯ ದಿನಗಳ ನೆನಪುಗಳನ್ನು ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಕೊಬ್ಬಿನ ಕುಲಕ್ಕೆ ಸೇರಿದ ಒಂದು ವರ್ಗದ ಅಣುಗಳನ್ನು ಕುರಿತು ನಾಲ್ಕು ಮಾತು ಬರೆಯುವೆನೆಂದಾಗ ಸಂಪಾದಕ ಮಂಡಳಿಯವರು ಒಪ್ಪಿದರು. ವಾಚಕರೂ ಸಹಿಸಿಕೊಳ್ಳುವರೆಂದು ನಂಬಿದ್ದೇನೆ.

ಫಾಸ್ಫೋಲಿಪಿಡ್ ಎಂಬುದು ಈ ಅಣುಗಳ ಹೆಸರು. ಇವುಗಳ ರಚನೆ ಕಠಿಣವಾದುದೇನಲ್ಲ. ಗ್ಲಿಸರಾಲ್ ಎಂಬ ಮೂರು ಕೈಗಳ ಪುಟ್ಟ ಅಣು ನಡುವಿನಲ್ಲಿರುತ್ತದೆ. ಅದರ ಎರಡು ಕೈಗಳಿಗೆ ಒಂದೊಂದು ಉದ್ದನೆಯ ಮೇದಾಮ್ಲ ಜೋತುಬಿದ್ದಿರುತ್ತದೆ. ಮೂರನೆಯ ಕೈ ಫಾಸ್ಫೇಟನ್ನು ಹಿಡಿದಿರುತ್ತದೆ. ಆ ಫಾಸ್ಫೇಟಿನ ತುದಿಗೆ ಕೋಲೀನ್, ಎಥನಾಲಮೀನ್, ಸೀರೀನ್, ಇನಾಸಿಟಾಲ್ ಇವುಗಳಲ್ಲಿ ಯಾವುದಾದರೊಂದು ಸೇರುತ್ತದೆ. ಮೂರನೆಯ ಕೈಗೂ ಮೇದಾಮ್ಲವೇ ಸೇರಿದ್ದರೆ ಅದು ನಮ್ಮ ಅಡುಗೆಮನೆಯ ಶೇಂಗಾ ಎಣ್ಣೆಯೋ ತುಪ್ಪವೋ ಆಗುತ್ತಿತ್ತು. ಒಂದು ಫಾಸ್ಫೇಟು ಬಂದು ಕುಳಿತದ್ದರಿಂದ ಅಣುವಿನ ಸ್ವಭಾವವೇ ಬೇರೆಯಾಯಿತು. ಫಾಸ್ಫೇಟಿರುವ ತಲೆ ನೀರನ್ನು ಬಯಸುತ್ತದೆ. ಮೇದಾಮ್ಲದ ಎರಡು ಬಾಲಗಳು ನೀರಿನಿಂದ ದೂರ ಸರಿಯುತ್ತವೆ.

ಇಬ್ಬರಿಗೆ ಸರಿಬರದಿದ್ದರೆ ‘ಎಣ್ಣೆ ಸೀಗೆಕಾಯಿ ಸಂಬಂಧ’ ಎನ್ನುತ್ತೇವೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಮಾತು ಅರ್ಧ ಸತ್ಯ. ಸೀಗೆಕಾಯಿಯಲ್ಲಿರುವ ಸ್ಯಾಪೋನಿನ್ ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದರಿಂದ ನೀರನ್ನೂ ಹಿಡಿಯುತ್ತದೆ. ಹಾಗೆ ಹಿಡಿಯುವುದರಿಂದಲೇ ಎಣ್ಣೆ ತಲೆಯಿಂದ ತೊಳೆದುಹೋಗುತ್ತದೆ. ಫಾಸ್ಫೋಲಿಪಿಡ್‌ಗಳದೂ ಇಂಥದೇ ಇಬ್ಬಗೆಯ ಸ್ವಭಾವ. ಅವುಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದಿದ್ದರೂ ತಾವಾಗಿ ಎರಡು ಸಾಲಾಗಿ ನಿಲ್ಲುತ್ತವೆ. ತಲೆಗಳು ಹೊರಗೆ ನೀರಿನ ಕಡೆಗೆ, ಬಾಲಗಳು ಒಳಗೆ ಒಂದಕ್ಕೊಂದು ಎದುರಾಗಿ. ಈ ಎರಡು ಪದರಿನ ಹಾಳೆಯೇ ಜೀವಕೋಶದ ಪೊರೆಯ ಮೂಲ. ಅದರ ದಪ್ಪ ಸುಮಾರು 5 ನ್ಯಾನೋಮೀಟರ್. ಅಂಥ ಎರಡು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆದೀತು. ಒಳಗು ಹೊರಗು ಎಂಬ ಭೇದವನ್ನು ಜೀವಿಗೆ ಕೊಟ್ಟದ್ದು ಇಷ್ಟು ತೆಳುವಾದ ವಸ್ತು.

ಪೊರೆ ಎರಡು ಪದರಿನದೆಂಬುದು ತಿಳಿದುಬಂದ ಕಥೆ ನನಗೆ ಬಹಳ ಪ್ರಿಯವಾದುದು. ಫ್ರಾನ್ಸಿನ ಔಷಧ ತಜ್ಞ ಗೋಬ್ಲೆ ಮೊಟ್ಟೆಯ ಹಳದಿಯಿಂದ ಇಂಥ ಒಂದು ಪದಾರ್ಥವನ್ನು ಬೇರ್ಪಡಿಸಿ, ಹಳದಿಯ ಗ್ರೀಕ್ ಹೆಸರನ್ನೇ ಹಿಡಿದು 1850ರಲ್ಲಿ ಲೆಸಿಥಿನ್ ಎಂದು ಕರೆದಿದ್ದ. ಆದರೆ ಅದು ಕೋಶದಲ್ಲಿ ಹೇಗೆ ನಿಂತಿದೆ ಎಂಬುದು ಮುಂದೆ ಮುಕ್ಕಾಲು ಶತಮಾನ ತಿಳಿಯಲಿಲ್ಲ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳ ಕೊಬ್ಬನ್ನು ಅಸಿಟೋನಿನಲ್ಲಿ ಕರಗಿಸಿ ತೆಗೆದು, ಅದನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಕೆಂಪು ಕಣಗಳನ್ನೇ ಆರಿಸಿಕೊಂಡದ್ದು ಜಾಣತನ. ನಮ್ಮ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ, ಒಳಪೊರೆಗಳಿಲ್ಲ, ಇರುವುದು ಹೊರಪೊರೆಯೊಂದೇ. ಹರಡಿದ ಕೊಬ್ಬು ಕಣಗಳ ಮೇಲ್ಮೈಯ ಎರಡರಷ್ಟು ಜಾಗವನ್ನು ಆವರಿಸಿತು. ಹಾಗಾದರೆ ಪೊರೆ ಎರಡು ಪದರಿನದು! ಇದರಲ್ಲಿ ಒಂದು ವಿನೋದವೂ ಉಂಟು. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ. ಕಣದ ಮೇಲ್ಮೈಯನ್ನೂ ಕಡಿಮೆಯೆಂದೇ ಎಣಿಸಿದ್ದರು. ಎರಡು ತಪ್ಪುಗಳು ಒಂದನ್ನೊಂದು ತೂಗಿಕೊಂಡು ಉತ್ತರ ಸರಿಯಾಗಿ ಬಂದಿತ್ತು. ಪರೀಕ್ಷೆಯಲ್ಲಿ ಹೀಗೆ ಬರೆದ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೋ!

ಇಷ್ಟನ್ನೂ ನಾನು ವರ್ಷವರ್ಷವೂ ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. 2011ರಲ್ಲಿ ಅದು ಹಲಗೆಯಿಂದಿಳಿದು ನಮ್ಮ ಮನೆಗೇ ಬಂದಿತು. ನನ್ನ ಮಗಳಿಗೆ ದಿನ ತುಂಬುವ ಹನ್ನೊಂದು ವಾರ ಮೊದಲೇ ಹೆರಿಗೆಯಾಯಿತು. ಕೂಸಿನ ತೂಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಹುಟ್ಟಿದ ಗಳಿಗೆಯಿಂದಲೇ ಉಸಿರಿಗಾಗಿ ಏದುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಸೆಳೆಯುತ್ತಿತ್ತು.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಒಳಮೈಗೆ ನೀರಿನ ತೆಳುವಾದ ಲೇಪವಿರುತ್ತದೆ. ನೀರಿನ ಮೇಲ್ಮೈ ಎಳೆತ ಅದನ್ನು ಸದಾ ಕುಗ್ಗಿಸಲು ನೋಡುತ್ತದೆ. ಉಸಿರು ಬಿಟ್ಟಾಗ ಗೂಡುಗಳು ಮುದುಡಿ, ಒದ್ದೆ ಬಟ್ಟೆಯ ಪದರುಗಳಂತೆ ಅಂಟಿಕೊಳ್ಳಬೇಕು. ಹಾಗಾಗದಂತೆ ಕಾಯುವುದು ಸರ್ಫ್ಯಾಕ್ಟೆಂಟ್ ಎಂಬ ಲೇಪ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕೊಬ್ಬಿನ ಕುಲದ್ದು. ಅದರಲ್ಲಿಯೂ ಮುಖ್ಯವಾದುದು ಎರಡೂ ಬಾಲಗಳು ಪಾಮಿಟಿಕ್ ಆಮ್ಲವಾಗಿರುವ ಒಂದು ಲೆಸಿಥಿನ್. ನೆಟ್ಟಗಿರುವ ಆ ಬಾಲಗಳು ಉಸಿರು ಬಿಟ್ಟಾಗ ಒತ್ತಾಗಿ ಸೇರಿ ನಿಂತು ನೀರಿನ ಎಳೆತವನ್ನು ಹೆಚ್ಚುಕಡಿಮೆ ಇಲ್ಲವಾಗಿಸುತ್ತವೆ. ಗರ್ಭದಲ್ಲಿರುವ ಶಿಶುವಿನಲ್ಲಿ ಇದು ಸಾಕಷ್ಟು ಸಿದ್ಧವಾಗುವುದು ಸುಮಾರು ಮೂವತ್ತೈದನೆಯ ವಾರಕ್ಕೆ. ನಮ್ಮ ಕೂಸು ಬಂದದ್ದು ಇಪ್ಪತ್ತೊಂಬತ್ತಕ್ಕೆ.

ಎಳೆಯ ಶಿಶುಗಳ ಈ ರೋಗಕ್ಕೆ ಸರ್ಫ್ಯಾಕ್ಟೆಂಟಿನ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಆವೆರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟದ್ದು 1959ರಲ್ಲಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡುಮಗು ಇದೇ ರೋಗದಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಕಾರಣ ತಿಳಿದಿದ್ದರೂ ಕೊಡಲು ಔಷಧವಿರಲಿಲ್ಲ. ಜಪಾನಿನ ಫುಜಿವಾರಾ ಮತ್ತು ಸಂಗಡಿಗರು ಹತ್ತು ಶಿಶುಗಳ ಶ್ವಾಸನಾಳಕ್ಕೆ ಸರ್ಫ್ಯಾಕ್ಟೆಂಟನ್ನು ಬಿಟ್ಟು ಉಸಿರು ಸುಧಾರಿಸಿದುದನ್ನು ಪ್ರಕಟಿಸಿದ್ದು 1980ರಲ್ಲಿ.

ವೈದ್ಯರು ಒಂದು ಪುಟ್ಟ ಸೀಸೆಯನ್ನು ತೋರಿಸಿ, ಇದು ದನದ ಶ್ವಾಸಕೋಶದಿಂದ ತೆಗೆದದ್ದು, ನಿಮ್ಮ ಒಪ್ಪಿಗೆ ಬೇಕು ಎಂದರು. ನಮ್ಮದು ತಲೆತಲಾಂತರದಿಂದ ಶಾಕಾಹಾರದ ಮನೆ. ಅಳಿಯ ನನ್ನ ಮುಖ ನೋಡಿದ. ನಾನು ನನ್ನ ಹೆಂಡತಿಯ ಮುಖ ನೋಡಿದೆ. ವಿಷಯವನ್ನು ಮುಚ್ಚಿಡದೆ ಅವಳಿಗೆ ಬಿಡಿಸಿ ಹೇಳಿದೆ. ಅವಳು ಒಂದು ಕ್ಷಣವೂ ತಡೆಯಲಿಲ್ಲ. “ಕೂಸು ಉಸಿರಾಡಲಿ ರೀ, ಉಳಿದದ್ದೆಲ್ಲ ಆಮೇಲೆ” ಎಂದಳು. ಹಾಲಿನಂಥ ಆ ದ್ರವ ನಾಲ್ಕೈದು ಮಿಲಿಲೀಟರಿನಷ್ಟು ನಳಿಕೆಯ ಮೂಲಕ ಒಳಗಿಳಿಯಿತು. ಸಂಜೆಯ ಹೊತ್ತಿಗೆ ಪಕ್ಕೆಯ ಸೆಳೆತ ಕಡಿಮೆಯಾಯಿತು. ಆ ಸೀಸೆಯ ಕುರಿತಾಗಿ ‘ಆಮೇಲೆ’ ನಮ್ಮ ಮನೆಯಲ್ಲಿ ಮಾತೇ ಏಳಲಿಲ್ಲ.

ಪೊರೆಯನ್ನು ಕಟ್ಟುವ ಅಣುವಿಗೆ ಅದನ್ನು ಕಡಿಯುವ ವೈರಿಯೂ ಇದೆ. ನಾಗರಹಾವು, ಕೊಳಕುಮಂಡಲಗಳ ವಿಷದಲ್ಲಿರುವ ಒಂದು ಕಿಣ್ವ ಫಾಸ್ಫೋಲಿಪಿಡ್ಡಿನ ನಡುವಣ ಕೈಯ ಮೇದಾಮ್ಲವನ್ನು ಕತ್ತರಿಸಿಬಿಡುತ್ತದೆ. ಒಂದೇ ಬಾಲದಲ್ಲಿ ಉಳಿದ ಅಣು ಸಾಬೂನಿನಂತೆ ವರ್ತಿಸಿ ಪೊರೆಯನ್ನೇ ಒಡೆಯುತ್ತದೆ. ಹೊಲದಲ್ಲಿ ಕಚ್ಚಿಸಿಕೊಂಡ ರೈತನ ಕಾಲು ಬಾತು ಕೊಳೆಯುವುದರಲ್ಲಿ ಈ ಕತ್ತರಿಯ ಪಾಲೂ ಇದೆ.

ತಲೆಗಳು ಬೇರೆಯಾದಂತೆ ಕೆಲಸವೂ ಬೇರೆ. ಸೀರೀನ್ ತಲೆಯದು ಸಾಮಾನ್ಯವಾಗಿ ಪೊರೆಯ ಒಳಪದರಿನಲ್ಲಿಯೇ ಇರುತ್ತದೆ. ಕೋಶ ಸಾಯತೊಡಗಿದಾಗ ಹೊರಪದರಿಗೆ ಬಂದು, ‘ನನ್ನನ್ನು ತೆಗೆದುಹಾಕಿ’ ಎಂದು ನೆರೆಯ ಭಕ್ಷಕ ಕೋಶಗಳಿಗೆ ಸೂಚಿಸುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೂ ಇದೇ ಹೊರಳಾಟ ನೆರವಾಗುತ್ತದೆ. ಇನಾಸಿಟಾಲ್ ತಲೆಯದು ಹೊರಗಿನ ಸಂದೇಶವನ್ನು ಒಳಕ್ಕೆ ಮುಟ್ಟಿಸುತ್ತದೆ. ಇವುಗಳನ್ನು ಕುರಿತು ಬರೆದರೆ ಸಂಚಿಕೆಯ ಅರ್ಧ ಪುಟಗಳು ನನಗೇ ಬೇಕಾದಾವು.

ಒಂದನ್ನು ಮಾತ್ರ ಹೇಳಬೇಕು. 1960ರ ದಶಕದಲ್ಲಿ ಇಂಗ್ಲೆಂಡಿನ ಬ್ಯಾಂಗಮ್ ಎಂಬಾತ ಶುದ್ಧ ಫಾಸ್ಫೋಲಿಪಿಡ್ಡುಗಳು ನೀರಿನಲ್ಲಿ ಪುಟ್ಟ ಚೀಲಗಳಾಗುವುದನ್ನು ತೋರಿಸಿದ. ಆ ಚೀಲಗಳಿಗೆ ಲೈಪೋಸೋಮ್ ಎಂದು ಹೆಸರು. 2021ರಲ್ಲಿ ಕೋವಿಡಿನ ಬೆನ್ನಿಗೆ ಕಪ್ಪು ಶಿಲೀಂಧ್ರದ ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ, ಅನೇಕ ಕುಟುಂಬಗಳು ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಊರಿಂದೂರಿಗೆ ಅಲೆದುದು ವಾಚಕರಿಗೆ ನೆನಪಿರಬಹುದು. ಆ ಮದ್ದು ತಾನಾಗಿ ಮೂತ್ರಪಿಂಡಕ್ಕೆ ಬಹಳ ಕೇಡು ಮಾಡುವಂಥದು. ಲೈಪೋಸೋಮಿನಲ್ಲಿ ಸೇರಿಸಿ ಕೊಟ್ಟಾಗ ಆ ಕೇಡು ಬಹುಮಟ್ಟಿಗೆ ತಗ್ಗುತ್ತದೆ. ಜನರು ಹುಡುಕುತ್ತಿದ್ದದ್ದು ಮುಖ್ಯವಾಗಿ ಅದನ್ನೇ. ಆ ಚೀಲವನ್ನು ಕಟ್ಟುವ ಲೆಸಿಥಿನ್ ಸೋಯಾ ಅವರೆಯಿಂದ ಬರುತ್ತದೆ. ನಮ್ಮ ಬೀದರ ಜಿಲ್ಲೆಯ ರೈತರು ಮಳೆಗಾಲದಲ್ಲಿ ಬಿತ್ತುವುದು ಇದೇ ಬೆಳೆಯನ್ನು.